ಮೂವತ್ತಾರು ನಿಮಿಷದ ದಾರಿ

ಲಾರಿ ಓಡಿಸುವವರು ಟೀ ಕುಡಿಯುವ ರೀತಿಯನ್ನು ನೀವು ಗಮನಿಸಿರಬಹುದು. ಇಂಜಿನ್ ಆರಿಸದೆ ಇಳಿದು, ಸುಡುವ ಗಾಜಿನ ಲೋಟವನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದು, ನಾಲ್ಕು ಗುಟುಕಿಗೆ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತಲೇ ಗೇರು ಹಾಕುವುದು ಅವರ ಪದ್ಧತಿ. ಅಂಥವರು ಆರಿದ ಟೀಯನ್ನು ಮತ್ತೆ ಮತ್ತೆ ಊದುತ್ತಾ, ಪ್ರತಿ ಗುಟುಕಿಗೂ ಒಮ್ಮೆ ಕೈಗಡಿಯಾರ ನೋಡುತ್ತಾ, ಲೋಟದ ತಳ ಕಂಡರೆ ಬೇಸರಪಡುತ್ತಾ ಕುಳಿತಿದ್ದನ್ನು ನಾನು ಒಂದೇ ಒಂದು ಕಾಲದಲ್ಲಿ ಕಂಡಿದ್ದೇನೆ. ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಚಳಿಗಾಲ ಅದು. ಜಾಗ, ಹೊಸಕೋಟೆಗೆ ಸ್ವಲ್ಪ ಮೊದಲು ರಸ್ತೆಯ ಎಡಕ್ಕಿದ್ದ ಗಂಗಣ್ಣನ ಟೀ ಅಂಗಡಿ. ತೆಂಗಿನ ಗರಿಯ ಆ ಚಪ್ಪರದ ಮುಂದೆ ಲಾರಿ, ವ್ಯಾನು, ಟೆಂಪೋಗಳು ಸಾಲಾಗಿ ನಿಂತಿರುತ್ತಿದ್ದವು. ಯಾರಿಗೂ ಅವಸರವಿರಲಿಲ್ಲ. ಅವಸರವನ್ನೆಲ್ಲ ಅವರು ಹಿಂದಿನ ಮೂವತ್ತು ಕಿಲೋಮೀಟರಿನಲ್ಲಿ ಖರ್ಚು ಮಾಡಿ ಬಂದಿದ್ದರು.

ಕಾರಣವಿಷ್ಟೆ. ದೇವನಹಳ್ಳಿ ದಾಟಿದೊಡನೆ ಒಂದು, ಗಂಗಣ್ಣನ ಅಂಗಡಿ ದಾಟಿ ಹೊಸಕೋಟೆಗೆ ಮುಂಚೆ ಇನ್ನೊಂದು, ಹೀಗೆ ರಸ್ತೆಬದಿಯಲ್ಲಿ ಎರಡು ಡೇರೆಗಳು ಎದ್ದಿದ್ದವು. ಹಸಿರು ಟಾರ್ಪಾಲು, ಒಂದು ಮೇಜು, ಎರಡು ಕುರ್ಚಿ, ಹೋಗುವ ಬರುವ ವಾಹನಗಳನ್ನೆಲ್ಲ ನೋಡಿ ನೋಡಿ ಪುಸ್ತಕದಲ್ಲಿ ಏನನ್ನೋ ಗೀಚುವ ಇಬ್ಬರು. ಮೇಜಿನ ಮೇಲೆ ತಗಡಿನ ಮುಚ್ಚಳದ ಒಂದು ಮರದ ಪೆಟ್ಟಿಗೆ. ಒಂದು ಸುದ್ದಿ ಹುಟ್ಟಲು ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ. ಮೂರನೆಯ ದಿನಕ್ಕೆ ಆ ಪೆಟ್ಟಿಗೆಯೊಳಗೆ ಕ್ಯಾಮೆರಾ ಇತ್ತು. ನಾಲ್ಕನೆಯ ದಿನಕ್ಕೆ ಆ ಕ್ಯಾಮೆರಾಕ್ಕೆ ಗಡಿಯಾರ ಬಂತು. ವಾರ ತುಂಬುವಷ್ಟರಲ್ಲಿ ಎರಡೂ ಪೆಟ್ಟಿಗೆಗಳು ವೈರ್‌ಲೆಸ್ಸಿನಲ್ಲಿ ಒಂದರೊಡನೊಂದು ಮಾತಾಡತೊಡಗಿದ್ದವು.

ನಮ್ಮ ವ್ಯಾನಿನಲ್ಲಿ ಈ ಸುದ್ದಿಯನ್ನು ಹತ್ತಿಸಿಕೊಂಡವನು ಅದರ ಚಾಲಕ ಮುನಿರಾಜು. ದೇವನಹಳ್ಳಿಯಿಂದ ಹೊಸಕೋಟೆಗೆ ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದ ನಾವು ಎಂಟು ಮಂದಿ ನೌಕರರು ಅವನ ಹಳೆಯ ಮೆಟಡಾರನ್ನು ಗೊತ್ತು ಮಾಡಿಕೊಂಡಿದ್ದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ನನ್ನ ಪಕ್ಕದ ಸೀಟು ತಾಲ್ಲೂಕು ಕಚೇರಿಯ ಗುಮಾಸ್ತ ನಂಜುಂಡಯ್ಯನವರದು.

"ಮೊದಲ್ನೇ ಡೇರೆ ದಾಟಿದ್ ಟೈಮು, ಎರಡನೇ ಡೇರೆ ದಾಟಿದ್ ಟೈಮು, ಎರಡೂ ಹಿಡ್ಕೊಂಡು ಭಾಗಾಕಾರ ಮಾಡ್ತಾರಂತೆ ಮೇಷ್ಟ್ರೇ. ಬೇಗ ಬಂದಿದ್ರೆ ಲೈಸೆನ್ಸೇ ಕಿತ್ಕೋತಾರಂತೆ. ಲೈಸೆನ್ಸ್ ಹೋದ್ರೆ ನಾನು ಏನ್ ಮಾಡ್ಲಿ? ನಂಗೆ ಇದು ಬಿಟ್ರೆ ಇನ್ನೊಂದು ಕೆಲ್ಸ ಬರಾಕಿಲ್ಲ" ಎಂದ ಮುನಿರಾಜು.

"ನಿಧಾನಕ್ಕೆ ಓಡ್ಸು, ಅಷ್ಟೇ ತಾನೆ?" ಎಂದರು ನಂಜುಂಡಯ್ಯ.

"ನಿಧಾನ ಅಂದ್ರೆ ಎಷ್ಟು ಸ್ವಾಮಿ? ನಮ್ ಮುಳ್ಳು ನೋಡಿ."

ನಾವು ನೋಡಿದೆವು. ಅವನ ವ್ಯಾನಿನಲ್ಲಿ ವೇಗ ತೋರಿಸುವ ಮುಳ್ಳು ನಾವು ಕಂಡಾಗಿನಿಂದಲೂ ಸೊನ್ನೆಯ ಮೇಲೆ ಮಲಗಿತ್ತು. ಆ ರಸ್ತೆಯ ಮುಕ್ಕಾಲು ವಾಹನಗಳ ಕತೆ ಅದೇ. ಕಿವಿಗೆ ಬೀಳುವ ಇಂಜಿನ್ನಿನ ಸದ್ದೇ ಅವರ ಅಳತೆ.

ಗಣಿತದ ಮೇಷ್ಟರ ಮುಂದೆ ಲೆಕ್ಕವೊಂದು ಬಂದು ನಿಂತರೆ ಅವರು ಸುಮ್ಮನಿರಲಾರರು. ಡೇರೆಯಿಂದ ಡೇರೆಗೆ ಮೂವತ್ತು ಕಿಲೋಮೀಟರು, ಗಂಟೆಗೆ ಐವತ್ತರ ಮಿತಿಯಲ್ಲಿ ಹೋದರೆ ಮೂವತ್ತಾರು ನಿಮಿಷ ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಬೋರ್ಡಿನ ಮೇಲೆ ಉತ್ತರ ಬರೆದು ಅಡಿಗೆರೆ ಎಳೆದ ಸಂತೋಷವಾಯಿತು. ಮುನಿರಾಜು ಅದನ್ನು ಗಂಗಣ್ಣನ ಅಂಗಡಿಯಲ್ಲಿ ಹಂಚಿದ. ಎರಡೇ ದಿನದಲ್ಲಿ ಮೂವತ್ತಾರು ಎಂಬುದು ಆ ರಸ್ತೆಯ ಶಾಸನವಾಯಿತು. ನಂಬರ್ ಪ್ಲೇಟಿಗೆ ಸಗಣಿ ಮೆತ್ತಿಕೊಂಡು ಓಡಾಡುತ್ತಿದ್ದವರು ಅದನ್ನು ತೊಳೆದರು. ಬಾಳೆಕಂದು ಕಟ್ಟಿ ಅದನ್ನು ಮರೆಸಿದ್ದವನೊಬ್ಬ ಕಂದು ಬಿಚ್ಚಿದ. ಇನ್ನು ಹೆದರಿಕೆಯೇಕೆ, ಲೆಕ್ಕ ಗೊತ್ತಾಗಿದೆಯಲ್ಲ!

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದನ್ನು ಮನುಷ್ಯರು ಬಳಸುತ್ತಾರೆಂಬುದು ನನಗೆ ಹೊಳೆದಿರಲಿಲ್ಲ. ಎರಡನೆಯ ಡೇರೆಯನ್ನು ಮೂವತ್ತಾರು ನಿಮಿಷದೊಳಗೆ ದಾಟಬಾರದು ಎಂದು ಮಾತ್ರ ಅವರು ಅರ್ಥಮಾಡಿಕೊಂಡರು. ಅಲ್ಲಿಯವರೆಗೆ ಹೇಗೆ ಬಂದರೇನು? ಮೊದಲ ಡೇರೆಯ ಮುಂದೆ ಮದುವಣಗಿತ್ತಿಯಂತೆ ತಲೆತಗ್ಗಿಸಿ ಸಾಗಿದ ವಾಹನ ಆ ಹಸಿರು ಟಾರ್ಪಾಲು ಮರೆಯಾದೊಡನೆ ಕಿತ್ತುಕೊಂಡು ಓಡುತ್ತಿತ್ತು. ಬೇಗ ಬಂದಷ್ಟೂ ಗಂಗಣ್ಣನಲ್ಲಿ ಕೂರಲು ಹೊತ್ತು ಹೆಚ್ಚು. ಇಪ್ಪತ್ತಾರು ನಿಮಿಷಕ್ಕೆ ಬಂದವನಿಗೆ ಹತ್ತು ನಿಮಿಷದ ಟೀ. ಇಪ್ಪತ್ತನಾಲ್ಕಕ್ಕೆ ಬಂದವನಿಗೆ ಟೀಯ ಜೊತೆ ಬೋಂಡ.

"ಏನ್ಲಾ, ಇವತ್ತು ಬರೀ ಟೀನಾ? ಗಾಡಿ ಮುದುಕಿಯಾಗೋಯ್ತಾ?" ಎಂದು ಒಬ್ಬ ಕೆಣಕಿದರೆ, ನಾಳೆ ಆ ಇನ್ನೊಬ್ಬ ಬೋಂಡ ತಿಂದೇ ತೀರಬೇಕು. ಒಂಟಿ ವಾಹನದ ಅಗಲದ ಡಾಂಬರು, ಎರಡೂ ಬದಿ ಹುಣಸೆಮರ, ನಡುವೆ ಸೂಲಿಬೆಲೆಯ ಹಾಲಿನ ಕ್ಯಾನುಗಳ ಸೈಕಲ್ಲುಗಳು. ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ ನಂಜುಂಡಯ್ಯ ಒಂದು ಬೆಳಿಗ್ಗೆ, "ಮೇಷ್ಟ್ರೇ, ನಿಮ್ಮ ಲೆಕ್ಕ ನಮ್ಮನ್ನ ಹೊಸಕೋಟೆಗೆ ಮುಟ್ಸೋದಿಲ್ಲ, ಬೇರೆ ಎಲ್ಲಿಗೋ ಮುಟ್ಸುತ್ತೆ" ಎಂದರು. ನಗುತ್ತಲೇ ಹೇಳಿದರು. ಆದರೆ ಅವರ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು.

ಅಂದು ಸಂಜೆ ನಾನು ಹೊಸಕೋಟೆಯ ಕಡೆಯ ಡೇರೆಗೆ ನಡೆದುಕೊಂಡು ಹೋದೆ. ಅಲ್ಲಿದ್ದವರು ವಾಹನಗಳನ್ನು ಎಣಿಸುವ ಕೆಲಸಕ್ಕೆ ಬಂದ ದಿನಗೂಲಿಯವರು. ಲಾರಿಗೆ ಒಂದು ಗೀಟು, ಬಸ್ಸಿಗೆ ಒಂದು ಗೀಟು, ಎತ್ತಿನ ಗಾಡಿಗೂ ಒಂದು ಗೀಟು, ಐದಾದರೆ ಅಡ್ಡಗೀಟು. ರಸ್ತೆ ಅಗಲ ಮಾಡಬೇಕೋ ಬೇಡವೋ ಎಂದು ತಿಳಿಯಲು ಈ ಎಣಿಕೆಯಂತೆ. ನಂಬರು ಬರೆಯುವುದಿಲ್ಲ, ಸಮಯ ನೋಡುವುದಿಲ್ಲ. ನಾನು ಪೆಟ್ಟಿಗೆಯತ್ತ ಬೆರಳು ತೋರಿದಾಗ ಅವರಲ್ಲೊಬ್ಬರು ಮುಚ್ಚಳ ಎತ್ತಿದರು. ಎರಡು ಊಟದ ಡಬ್ಬಿ, ಒಂದು ಇಸ್ಪೀಟು ಕಟ್ಟು. "ಎಲ್ರೂ ನಮ್ಗೆ ಕೈ ಮುಗ್ದು ಹೋಗ್ತಾರೆ ಸಾರ್, ಯಾಕೆ ಅಂತ ಗೊತ್ತಾಗ್ತಿಲ್ಲ" ಎಂದರು ಅವರು, ಬಹಳ ವಿನಯದಿಂದ.

ಹಿಂದಿರುಗುವಾಗ ನಾನು ಯೋಚಿಸಿದ್ದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ನಿಜ ಹೇಳಿದರೆ ಇವರು ಟೀಯನ್ನೂ ಬಿಟ್ಟು ಓಡುತ್ತಾರೆ. ಹೇಳದಿದ್ದರೆ ಟೀಗಾಗಿ ಓಡುತ್ತಾರೆ. ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಸಂಬಳ ಪಡೆಯುವ ನಾನು ಮರುದಿನ ಬೆಳಿಗ್ಗೆ ವ್ಯಾನು ಹತ್ತಿ, ಬಾಗಿಲು ಹಾಕಿಕೊಳ್ಳುತ್ತಾ, ಆದಷ್ಟು ಉದಾಸೀನದ ದನಿಯಲ್ಲಿ ಹೇಳಿದೆ: "ಮುನಿರಾಜು, ನಡುವೆ ಮೂರನೇದೊಂದು ಪೆಟ್ಟಿಗೆ ಇಟ್ಟಿದ್ದಾರಂತೆ. ಮರದ ಮೇಲೆ."

"ಯಾವ ಮರ ಮೇಷ್ಟ್ರೇ?"

"ಅದೇ ಗೊತ್ತಿಲ್ಲ. ದಿನಕ್ಕೊಂದು ಮರವಂತೆ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕೇಳಿದ್ದು ಬೇರೆ ಯಾರಿಂದಲಾದರೂ ಆಗಿದ್ದರೆ ಅವನು ನಕ್ಕುಬಿಡುತ್ತಿದ್ದ. ಮೂವತ್ತಾರನ್ನು ಕಂಡುಹಿಡಿದವನ ಬಾಯಿಂದ ಬಂದದ್ದರಿಂದ ನಂಬಿದ. ಆ ದಿನದಿಂದ ನಮ್ಮ ಪಯಣ ಒಂದು ವ್ರತವಾಯಿತು. ನಂಜುಂಡಯ್ಯ ಕಿಟಕಿಯಿಂದ ತಲೆ ಹಾಕಿ ಕಿಲೋಮೀಟರು ಕಲ್ಲುಗಳನ್ನು ಕೂಗುವರು, ನಾನು ಗಡಿಯಾರ ಹಿಡಿದು ಕಲ್ಲಿನಿಂದ ಕಲ್ಲಿಗೆ ಎಪ್ಪತ್ತೆರಡು ಸೆಕೆಂಡು ಎಣಿಸುವೆ. "ಅರವತ್ತೆಂಟು!" ಎಂದರೆ ಮುನಿರಾಜು ಗಾಬರಿಯಿಂದ ಕಾಲು ಎತ್ತುವನು. ಮೇಲಿನ ಹುಣಸೆಕೊಂಬೆಗಳಿಗೆ ಅವನು ಕೊಡುತ್ತಿದ್ದ ಗೌರವ ನೋಡಿದರೆ ಯಾವುದೋ ಮರದಲ್ಲಿ ದೇವರೇ ಕುಳಿತಿದೆಯೇನೋ ಅನ್ನಿಸುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ. ಸೂಲಿಬೆಲೆ ದಾಟಿ, ಕೆರೆಯ ಏರಿ ಇಳಿದು, ರಸ್ತೆ ಪೂರ್ವಕ್ಕೆ ಹೊರಳುವ ಒಂದು ತಿರುವಿದೆ. ತಿರುಗಿದೊಡನೆ ಎಳೆಬಿಸಿಲು ಗಾಜಿಗೆ ಅಪ್ಪಳಿಸಿ ಕಣ್ಣಿಗೆ ಏನೂ ಕಾಣದು. ಆ ಬಿಳುಪು ಸರಿದಾಗ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿತ್ತು.

ನಮ್ಮ ಕಡೆಯವರಿಗೆ ಇದು ಗೊತ್ತು. ಕೊಯ್ದ ಹುರುಳಿಯನ್ನು ಗಿಡಸಮೇತ ಡಾಂಬರಿನ ಮೇಲೆ ಹರಡಿಬಿಟ್ಟರೆ ಓಡಾಡುವ ಗಾಲಿಗಳೇ ಬಡಿದು ಕಾಳು ಬಿಡಿಸಿಕೊಡುತ್ತವೆ. ಕಣ ಬೇಡ, ಎತ್ತು ಬೇಡ. ಚಾಲಕರೂ ಬೇಡವೆನ್ನುವುದಿಲ್ಲ. ಆದರೆ ಬಳ್ಳಿ ನುಣುಪು, ಕಾಳು ಉರುಟು, ಮೇಲೆ ಇಬ್ಬನಿಯ ಪಸೆ. ಅದರ ಮೇಲೆ ಬ್ರೇಕು ಒತ್ತಿದರೆ ಬ್ರೇಕಿಗೆ ಅರ್ಥವಿರುವುದಿಲ್ಲ. ಮುನಿರಾಜು ಒತ್ತಿದ. ಏಕೆಂದರೆ ಆ ಹಾಸಿನ ನಟ್ಟನಡುವೆ, ನಮಗೆ ಬೆನ್ನು ಮಾಡಿ, ಸೊಂಟ ಬಗ್ಗಿಸಿ, ಕವೆಗೋಲಿನಿಂದ ಗಿಡ ಮಗುಚುತ್ತಾ ಒಬ್ಬ ಅಜ್ಜಿ ನಿಂತಿದ್ದಳು. ಹಾರನ್ನು ಅವಳಿಗೆ ಕೇಳಿಸಲಿಲ್ಲ. ಗಾಲಿಗಳು ನಿಂತವು, ವ್ಯಾನು ನಿಲ್ಲಲಿಲ್ಲ. ನೀರಿನ ಮೇಲಿನ ತೆಪ್ಪದಂತೆ ಅದು ಸದ್ದಿಲ್ಲದೆ ಜಾರಿತು, ಸ್ವಲ್ಪ ಅಡ್ಡಲಾಗಿ ಹೊರಳಿತು, ಹೊರಳಿಕೊಂಡೇ ಜಾರಿತು. ಅವಳ ಮಾಸಿದ ಕೆಂಪು ಸೀರೆಯ ಅಂಚು, ಹಿಮ್ಮಡಿಯ ಬಿರುಕು, ಎಲ್ಲವೂ ದೊಡ್ಡದಾಗುತ್ತಾ ಬಂದವು. ಆಮೇಲೆ ನಿಂತೆವು. ಅವಳಿಗೂ ವ್ಯಾನಿನ ಮೂತಿಗೂ ನಡುವೆ ಒಂದು ಮೊಳ ಇತ್ತು.

ಆ ಒಂದು ಮೊಳವನ್ನು ನಾನು ಇಂದಿಗೂ ಅಳೆಯುತ್ತಲೇ ಇದ್ದೇನೆ. ವೇಗ ಒಂದೂವರೆಯಷ್ಟಾದರೆ ನಿಲ್ಲಲು ಬೇಕಾದ ದೂರ ಎರಡರಷ್ಟನ್ನೂ ಮೀರುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಬರೆಯುವಾಗ ಅದು ಬರಿಯ ವರ್ಗಸಂಖ್ಯೆ. ಈಗ ಕಣ್ಣು ಮುಚ್ಚಿದರೆ ಅದೇ ತಿರುವಿಗೆ ಬೋಂಡದ ವೇಗದಲ್ಲಿ ಬರುತ್ತೇನೆ, ಗಾಜಿನ ಬಿಳುಪು ಸರಿಯುತ್ತದೆ, ಕೆಂಪು ಸೀರೆ ಕಾಣುತ್ತದೆ, ಲೆಕ್ಕ ತನ್ನ ಉತ್ತರವನ್ನು ತಾನೇ ಹೇಳತೊಡಗುತ್ತದೆ. ಬೆವರಿ ಕಣ್ಣು ಬಿಡುತ್ತೇನೆ. ಬಿಟ್ಟೊಡನೆ ಕೃತಜ್ಞತೆಯೊಂದು ಎದೆಯಲ್ಲಿ ಏಳುತ್ತದೆ, ಅದನ್ನು ಯಾರಿಗೆ ಸಲ್ಲಿಸಬೇಕೆಂದು ತಿಳಿಯದೆ ಒದ್ದಾಡುತ್ತೇನೆ. ಇಲ್ಲದ ಪೆಟ್ಟಿಗೆಗೋ? ನಾನೇ ಹೇಳಿದ ಸುಳ್ಳಿಗೋ? ಸುಳ್ಳನ್ನು ಹೊಗಳಲು ನನಗೆ ಮನಸ್ಸಿಲ್ಲ. ಅದಕ್ಕೆ ಮುಂಚೆ ನಾನು ಹೇಳಿದ ಸತ್ಯವೇ ತಾನೆ ಆ ರಸ್ತೆಯನ್ನು ಪಂದ್ಯದ ಬಯಲು ಮಾಡಿದ್ದು. ಸರಿಯಾದ ಉತ್ತರ ಕೆಟ್ಟದ್ದನ್ನೂ ಸುಳ್ಳು ಒಳ್ಳೆಯದನ್ನೂ ಮಾಡಿದ ಮೇಲೆ ಹೆಮ್ಮೆಪಡಲು ನನ್ನಲ್ಲಿ ಏನೂ ಉಳಿಯಲಿಲ್ಲ. ಧನ್ಯವಾದವೊಂದೇ ಉಳಿಯಿತು: ಕಾಣದ ಕಣ್ಣಿಗೆ ಹೆದರಿ ಕಾಲು ಎತ್ತಿದ ಮುನಿರಾಜುವಿಗೆ, ಕಲ್ಲು ಕೂಗಿ ಗಂಟಲು ಕಟ್ಟಿಸಿಕೊಂಡ ನಂಜುಂಡಯ್ಯನವರಿಗೆ, ಆ ಬೆಳಗಿನ ಎಪ್ಪತ್ತೆರಡು ಎಪ್ಪತ್ತೆರಡು ಸೆಕೆಂಡುಗಳಿಗೆ.

ಅಂದು ಆ ತಿರುವಿನಲ್ಲಿ ಮುನಿರಾಜು ಇಂಜಿನ್ ಆರಿಸಿದ. ಅಜ್ಜಿ ತಿರುಗಿದಳು. ನಮ್ಮನ್ನು ನೋಡಿದಳು, ಗಾಲಿ ಎಳೆದುಕೊಂಡು ಹೋಗಿ ಗುಡ್ಡೆ ಮಾಡಿದ್ದ ತನ್ನ ಹುರುಳಿಯನ್ನು ನೋಡಿದಳು. ಕೋಪ ಬಂತು.

"ಏನಪ್ಪಾ, ಹಿಂಗಾ ಓಡ್ಸೋದು? ಎಲ್ಲಾ ಒಂದ್ ಮೂಲೆಗೆ ತಳ್ಬಿಟ್ಟೆ! ಮ್ಯಾಕೆ ಹತ್ಸಿ ಓಡ್ಸೋದ್ ಬಿಟ್ಟು ತಳ್ಳಿದ್ರೆ ಕಾಳು ಉದುರ್ತದಾ?"

ತಾನು ಎಂಥ ಅಂಚಿನಲ್ಲಿ ನಿಂತಿದ್ದೆನೆಂಬುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಗೊತ್ತು ಮಾಡಿಸುವ ಧೈರ್ಯ ನಮ್ಮ ಒಂಬತ್ತು ಮಂದಿಯಲ್ಲಿ ಯಾರಿಗೂ ಇರಲಿಲ್ಲ. ಕೆಳಗಿಳಿದು, ಗುಡ್ಡೆಯಾದ ಗಿಡಗಳನ್ನು ಕೈಯಿಂದ ಮತ್ತೆ ಹರಡಿದೆವು. ನಂಜುಂಡಯ್ಯನವರ ಇಸ್ತ್ರಿ ಮಾಡಿದ ಪ್ಯಾಂಟಿನ ತುಂಬ ಹೊಟ್ಟು. ಅಜ್ಜಿ ಬದಿಗೆ ಸರಿದು ಕವೆಗೋಲು ಊರಿ ನಿಂತು, "ಹೂಂ, ಈಗ ಓಡ್ಸು. ಹಿಂದ್ಕೊಂದ್ ಸಲ, ಮುಂದ್ಕೊಂದ್ ಸಲ" ಎಂದಳು.

ಉಳಿದವರೆಲ್ಲ ರಸ್ತೆಯ ಬದಿಯಲ್ಲೇ ನಿಂತರು. ನಾನು ಮುನಿರಾಜುವಿನ ಪಕ್ಕ ಕೂತೆ. ಅವನು ನಡಿಗೆಯ ವೇಗದಲ್ಲಿ ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ಗಾಲಿಯ ಕೆಳಗೆ ಕಾಯಿಗಳು ಚಟಪಟ ಒಡೆಯುತ್ತಿದ್ದವು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ನನ್ನಿಂದ ತಡೆಯಲಾಗಲಿಲ್ಲ.

"ಮುನಿರಾಜು, ಮರದ ಮೇಲೆ ಯಾವ ಪೆಟ್ಟಿಗೇನೂ ಇಲ್ಲಪ್ಪ. ಡೇರೆಯಲ್ಲೂ ಇಲ್ಲ. ನಾನು ಸುಳ್ಳು ಹೇಳಿದ್ದು."

ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಅದು ಆಮ್ಯಾಕೆ ಹೇಳಿ ಮೇಷ್ಟ್ರೇ. ಈಗ ಹಿಂದುಗಡೆ ಬಗ್ಗಿ ನೋಡಿ. ಅಜ್ಜಿ ಎಲ್ಲವ್ಳೆ, ಅದ್ ಹೇಳಿ."

ನಾನು ಕಿಟಕಿಯಿಂದ ಬಗ್ಗಿದೆ. ಬದಿಯಲ್ಲಿದ್ದಾಳೆ, ದೂರದಲ್ಲಿದ್ದಾಳೆ, ಬಾ ಎಂದೆ. ಅವನು ಬಂದ. ಅಷ್ಟು ಹೊತ್ತಿಗೆ ಶಾಲೆಯ ಮೊದಲ ಗಂಟೆ ಹೊಡೆದಿರಬೇಕು, ತಾಲ್ಲೂಕು ಕಚೇರಿಯ ಹಾಜರಿ ಪುಸ್ತಕ ಒಳಗೆ ಹೋಗಿರಬೇಕು. ಯಾರೂ ಹೊರಡೋಣ ಎನ್ನಲಿಲ್ಲ. ಆರನೆಯ ಸಲವೋ ಏಳನೆಯ ಸಲವೋ ಅವನು ಮತ್ತೆ ರಿವರ್ಸ್ ಗೇರು ಹಾಕುತ್ತಿದ್ದಂತೆ ಅಜ್ಜಿ ಕವೆಗೋಲನ್ನು ಅಡ್ಡ ಹಿಡಿದು ಕೂಗಿದಳು:

"ಸಾಕು ನಿಲ್ಸೋ ಪುಣ್ಯಾತ್ಮ! ಇನ್ನು ತುಳುದ್ರೆ ಕಾಳೆಲ್ಲಾ ಹಿಟ್ಟಾಗೋಯ್ತದೆ. ಹೋಗು, ನಿನ್ ದಾರಿ ಹಿಡ್ದು ಹೋಗು!"