ಎಪ್ಪತ್ತೊಂದು ಶುರುವಾಗುವ ಕಡೆ

ಆ ಶನಿವಾರ ಬೆಳಿಗ್ಗೆ ಪೋಲ್ಡಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಒಂದು ಮಂಡಿ ಆಗಲೇ ಕೈಕೊಟ್ಟಿದೆ. ಆದರೂ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಬೀದಿಗೆ ಬಂದಮೇಲೆ ಚೀಲ ಮರೆತದ್ದು ನೆನಪಾಗಿ ಮತ್ತೆ ಮೂರು ಮಹಡಿ ಹತ್ತಿದಳು. ಅವತ್ತು ಅವಳಿಗೆ ಪರೀಕ್ಷೆ. ಪಾಸಾದರೆ ಪ್ರವಾಸಿಗಳಿಗೆ ವಿಯೆನ್ನಾ ತೋರಿಸುವ ಪರವಾನಗಿ, ಎದೆಗೆ ಚುಚ್ಚಿಕೊಳ್ಳಲು ಬಿಲ್ಲೆ. ಫೇಲಾದರೆ ಅಲ್ಲಿಗೆ ಮುಗಿಯಿತು. ಇದು ಮೂರನೆಯ ಸಲ, ನಾಲ್ಕನೆಯ ಅವಕಾಶ ಇಲ್ಲವೆಂದು ಅವಳಿಗೆ ಕಾಗದದಲ್ಲೇ ಬರೆದು ಕಳಿಸಿದ್ದರು.

ಇಪ್ಪತ್ತಾರು ವರ್ಷ ಅವಳು ಟ್ರಾಮ್ ಓಡಿಸಿದವಳು, ಅದೂ ಎಪ್ಪತ್ತೊಂದನೇ ನಂಬರಿನದು. ಪೇಟೆಯ ನಡುವಿನಿಂದ ಹೊರಟು ಅವಳ ಮನೆಯಿರುವ ಸಿಮ್ಮರಿಂಗ್ ದಾಟಿ ದೊಡ್ಡ ಸ್ಮಶಾನದ ಕಡೆಗೆ ಹೋಗುವ ಗಾಡಿ. ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಸತ್ತರು ಅನ್ನುವುದಿಲ್ಲ, ಎಪ್ಪತ್ತೊಂದು ಹತ್ತಿದರು ಅನ್ನುತ್ತೇವೆ. ಹಾಗಾಗಿ ಪೋಲ್ಡಿ ಮದುವೆಗೆ ಹೋದರೂ ಯಾರಾದರೊಬ್ಬ ಚಿಕ್ಕಪ್ಪ ಹತ್ತಿರ ಬಂದು, ತನಗೊಂದು ಕಿಟಕಿ ಪಕ್ಕದ ಸೀಟು ಹಿಡಿದಿಡು ಅನ್ನುವವನೇ. ಅದಕ್ಕೆ ಅವಳ ಉತ್ತರ ಯಾವಾಗಲೂ ಒಂದೇ: "ನಿಮಗೆಲ್ಲ ಎಪ್ಪತ್ತೊಂದು ಮುಗಿಯೋದು ಸ್ಮಶಾನದಲ್ಲಿ. ನನಗೆ ಶುರುವಾಗೋದೇ ಅಲ್ಲಿಂದ." ಮಾತು ಸುಳ್ಳಲ್ಲ. ಬೆಳಗಿನ ಗಾಡಿಯನ್ನು ಅವಳು ಆ ತುದಿಯಿಂದಲೇ ಹೊರಡಿಸುತ್ತಿದ್ದಳು.

ಮಂಡಿ ಕೆಟ್ಟು ಕೆಲಸ ಬಿಡಬೇಕಾದಾಗ ಮನೆಯಲ್ಲಿ ಕೂತು ಹೆಣೆಯುವ ಜಾತಿ ಅವಳದಲ್ಲ. ಊರು ತೋರಿಸುವ ಕೆಲಸ ಕಲಿಯುತ್ತೇನೆಂದು ಹೊರಟಳು. ಮೊದಲ ಪರೀಕ್ಷೆಯಲ್ಲಿ ಜನರಿಗೆ ಬೆನ್ನು ಹಾಕಿಕೊಂಡು ಮುಂದೆ ಮುಂದೆ ನಡೆಯುತ್ತಾ, ಮುಂದಿನ ನಿಲ್ದಾಣ ಅರಮನೆ, ಅದರ ಮುಂದಿನದು ಇಗರ್ಜಿ ಎಂದು ಒದರಿದಳು. ಇಪ್ಪತ್ತಾರು ವರ್ಷ ಜನರನ್ನು ಬೆನ್ನ ಹಿಂದೆಯೇ ಇಟ್ಟುಕೊಂಡವಳು, ಪಾಪ, ಇನ್ನೇನು ಮಾಡಿಯಾಳು. ಎರಡನೆಯ ಸಲ ಜನರ ಕಡೆ ತಿರುಗಿ ನಿಂತಳು ನಿಜ, ಆದರೆ ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿದ್ದೇ ಬಾಯಿ ಕಟ್ಟಿಹೋಯಿತು.

ಆಗ ಅವಳ ಕೈಹಿಡಿದದ್ದು ಅದೇ ಕಟ್ಟಡದ ಎದುರುಮನೆಯ ಪ್ರೋಹಾಸ್ಕ. ಎಂಬತ್ತೊಂದು ವರ್ಷದ ಒಂಟಿ ಮುದುಕ, ಮನೆಮನೆಗೆ ಹೋಗಿ ಪಿಯಾನೋ ಶ್ರುತಿ ಮಾಡಿಕೊಟ್ಟು ಬದುಕಿದವನು. ಊರಿನ ಯಾವ ದೊಡ್ಡ ಮನೆಯ ಒಳಗೆ ಯಾವ ಗುಟ್ಟಿದೆ ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ಅವಳು ಅವನನ್ನು ಮೇಷ್ಟ್ರೇ ಅನ್ನುತ್ತಿದ್ದಳು, ಅವನು ಅವಳನ್ನು ಡ್ರೈವರಮ್ಮ ಅನ್ನುತ್ತಿದ್ದ. ಎರಡು ವರ್ಷ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಪಾಠ. ತಪ್ಪು ಹೇಳಿದರೆ ಅವನು ಕೋಲಿನಿಂದ ಕಂಬಿಗೆ ಟಣ್ ಎಂದು ಬಡಿಯುತ್ತಿದ್ದ. ವಾರಕ್ಕೊಮ್ಮೆ ಇಬ್ಬರೂ ಆಪೆರಾಗೆ ಹೋಗುತ್ತಿದ್ದರು, ನಿಂತು ನೋಡುವವರ ಅಗ್ಗದ ಸಾಲಿಗೆ. ಅಲ್ಲಿ ಕಂಬಿಗೆ ಕುತ್ತಿಗೆಯ ಶಾಲು ಕಟ್ಟಿಟ್ಟರೆ ಆ ಜಾಗ ನಿಮ್ಮದು, ನೀವು ನೆಮ್ಮದಿಯಾಗಿ ಹೊರಗೆ ಹೋಗಿ ಏನಾದರೂ ತಿಂದು ಬರಬಹುದು, ಯಾರೂ ಮುಟ್ಟುವುದಿಲ್ಲ. ಪ್ರೋಹಾಸ್ಕನ ಸಾಸಿವೆ ಬಣ್ಣದ ಶಾಲು ಆ ಸಾಲಿನವರಿಗೆಲ್ಲ ಪರಿಚಯ.

ಈ ಸಲ ಪರೀಕ್ಷೆಯ ವಿಷಯ ಬಂದ ದಿನ ಪೋಲ್ಡಿ ಮೆಟ್ಟಿಲ ಮೇಲೆಯೇ ಕುಣಿದಳು. ಕೈಯಲ್ಲಿ ಕಾಸು ಕಡಿಮೆ ಇರುವ ಪ್ರವಾಸಿಗೆ ಒಂದು ದಿನದ ಟ್ರಾಮ್ ಚೀಟಿಯಲ್ಲಿ ವಿಯೆನ್ನಾ ತೋರಿಸಿ! ಹುಟ್ಟಿದಾಗಿನಿಂದ ಅವಳು ಊರು ನೋಡಿದ್ದೇ ಹಾಗೆ. ಬೆಟ್ಟದ ನೀರು ಬರುವ ಕಾರಂಜಿ, ಅರಮನೆಯ ತೋಟ, ಸ್ಮಶಾನದಲ್ಲಿ ಸಾಲಾಗಿ ಮಲಗಿರುವ ಸಂಗೀತಗಾರರು, ಯಾವುದಕ್ಕೂ ಟಿಕೆಟ್ಟಿಲ್ಲ. ಪರೀಕ್ಷೆಗೆ ಒಬ್ಬ 'ಪ್ರವಾಸಿ'ಯನ್ನು ತಾನೇ ಕರೆತರಬೇಕೆಂಬ ನಿಯಮವಿತ್ತು. ಅದು ಪ್ರೋಹಾಸ್ಕನಲ್ಲದೆ ಇನ್ಯಾರು. ಶನಿವಾರ ಒಂಬತ್ತಕ್ಕೆ ಗಾಡಿ ಶುರುವಾಗುವ ಕಡೆ ಬಂದುಬಿಡಿ ಎಂದು ಹಿಂದಿನ ಸಂಜೆ ಹೇಳಿ, ಅವಳು ಅಂಗಿ ಇಸ್ತ್ರಿ ಮಾಡಲು ಓಡಿದಳು.

ಒಂಬತ್ತಕ್ಕೆ ಗಾಡಿಯ ಪೇಟೆ ತುದಿಯ ಕಾರಂಜಿಯ ಮುಂದೆ ಪರೀಕ್ಷಕಿ ಡಾಕ್ಟರ್ ವಿಂಡಿಶ್ ಬಂದು ನಿಂತರು. ಇತಿಹಾಸದ ಡಾಕ್ಟರು. ಆ ಬಿರುದು ಬಿಟ್ಟು ಕರೆದರೆ ತಿರುಗಿಯೂ ನೋಡುವವರಲ್ಲ, ನಮ್ಮೂರಿನ ರೋಗವೇ ಅದು. ಒಂಬತ್ತೂಕಾಲಾಯಿತು, ಪ್ರೋಹಾಸ್ಕ ಇಲ್ಲ. ಮೊಬೈಲ್ ಅವನ ಬಳಿ ಇರಲಿಲ್ಲ. ಪೋಲ್ಡಿ ಕಟ್ಟಡ ನೋಡಿಕೊಳ್ಳುವ ಮಿಲಿತ್ಸಾಗೆ ಫೋನು ಮಾಡಿದಳು. ಮೆಟ್ಟಿಲು ತೊಳೆಯುವ ಗದ್ದಲದ ನಡುವೆ ಮಿಲಿತ್ಸಾ ಕೂಗಿ ಹೇಳಿದಳು, "ಮೇಷ್ಟ್ರಾ? ಅವರು ಬೆಳಿಗ್ಗೇನೇ ಎಪ್ಪತ್ತೊಂದು ಹತ್ತಿಬಿಟ್ರಲ್ಲ, ಪೋಲ್ಡಿಯಕ್ಕ." ಅಷ್ಟಕ್ಕೆ ಫೋನು ಕಟ್ಟಾಯಿತು.

ಪೋಲ್ಡಿಗೆ ಕಾರಂಜಿಯ ಸದ್ದು ಕೇಳಿಸದಾಯಿತು. ಎಂಬತ್ತೊಂದು ವರ್ಷ, ಒಂಟಿ ಮನೆ, ಮೊನ್ನೆ ತಾನೇ ಎದೆ ಹಿಡಿದುಕೊಂಡಿದ್ದ. ಅವಳು ಡಾಕ್ಟರ್ ಮೇಡಂ ಕಡೆ ತಿರುಗಿ, ಪರೀಕ್ಷೆ ಬೇಡ, ನನ್ನ ಮೇಷ್ಟ್ರು ತೀರಿಕೊಂಡರು, ನಾನು ಮನೆಗೆ ಹೋಗಬೇಕು ಎಂದಳು. ಬಂದು ನಿಂತದ್ದೂ ಎಪ್ಪತ್ತೊಂದೇ. ಹತ್ತಿದಳು. ಹಿಂದೆಯೇ ಡಾಕ್ಟರ್ ಮೇಡಂ ಕೂಡ ಹತ್ತಿ ಎದುರಿಗೆ ಕೂತು, ಮೆಲ್ಲಗೆ ಕೇಳಿದರು, "ಯಾರಮ್ಮ ಅವರು?"

ಯಾರು ಎಂದು ಹೇಳಲು ಹೊರಟ ಪೋಲ್ಡಿಗೆ ಕಿಟಕಿಯಾಚೆಯದೆಲ್ಲ ಅವನೇ ಆಗಿ ಕಂಡಿತು. ಕಂಬಿ ಹಿಡಿದು ನಿಂತೇ ಮಾತಾಡಿದಳು. ಅಗೋ ಆ ತೋಟದ ಗೋಡೆ. ಬಿಟ್ಟಿ ತೋಟಕ್ಕೆ ಬರುವವನೇ ನಿಜವಾದ ರಾಜ, ಯಾಕೆಂದರೆ ಅವನು ಮಾಲಿಗೆ ಸಂಬಳ ಕೊಡಬೇಕಿಲ್ಲ ಅನ್ನುತ್ತಿದ್ದರು ಮೇಷ್ಟ್ರು. ಆ ಹಳದಿ ಮನೆಯ ಎರಡನೇ ಮಹಡಿಯಲ್ಲಿ ಮೂವರು ಅಕ್ಕತಂಗಿಯರು ಒಂದೇ ಪಿಯಾನೋಗಾಗಿ ಮಾತು ಬಿಟ್ಟಿದ್ದರು. ಇವರು ಶ್ರುತಿ ಮಾಡುವ ನೆಪದಲ್ಲಿ ವಾರವಾರ ಹೋಗಿ ಮೂವರನ್ನೂ ಒಂದೇ ಮೇಜಿಗೆ ಕೂರಿಸಿದರು. ಈ ಟ್ರಾಮಿನಲ್ಲೇ ಒಂದು ಕಾಲಕ್ಕೆ ಹೆಣ ಸಾಗಿಸುತ್ತಿದ್ದರು, ಅದಕ್ಕೇ ಎಪ್ಪತ್ತೊಂದು ಹತ್ತಿದರು ಅನ್ನುವ ಮಾತು ಬಂತು. ಹೇಳುತ್ತ ಹೇಳುತ್ತ ಅತ್ತಳು, ನಡುವೆ ನಕ್ಕಳು ಕೂಡ. ಪಕ್ಕದ ಸೀಟಿನ ಸ್ಪೇನಿನ ಗಂಡಹೆಂಡತಿ ಇಳಿಯಬೇಕಾದ ಸ್ಟಾಪು ಬಿಟ್ಟು ಕೂತರು. ಬೆನ್ನು ಯಾವ ಕಡೆಗಿದೆ ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ.

ಸಿಮ್ಮರಿಂಗಿನಲ್ಲಿ ಇಳಿದು, ಕುಂಟುತ್ತಾ ಓಡಿ, ಮನೆಯ ಬಾಗಿಲಿಗೆ ಬಂದರೆ ಮಿಲಿತ್ಸಾ ಬಕೆಟ್ಟು ಹಿಡಿದು ಹಾಡಿಕೊಳ್ಳುತ್ತಿದ್ದಾಳೆ.

"ಎಲ್ಲಿ ಮಲಗಿಸಿದೀರಿ?" ಎಂದಳು ಪೋಲ್ಡಿ.

"ಯಾರನ್ನ?"

"ಮೇಷ್ಟ್ರನ್ನ."

"ಮಲಗೋದೇನು ಬಂತಕ್ಕ? ಸೂಟು ಹಾಕ್ಕೊಂಡು, ಟೋಪಿ ಇಟ್ಕೊಂಡು, ಅಲ್ಲಿ ಸ್ಟಾಪಿಗೆ ಹೋಗಿ ಎಪ್ಪತ್ತೊಂದು ಹತ್ತಿದ್ರು. ಆಗಲೇ ಹೇಳಿದ್ನಲ್ಲ. ಅಂಥ ದೊಡ್ಡ ತಪ್ಪೇನು ಮಾಡಿದೆ ನಾನು?"

ತಪ್ಪು ಅವಳದಲ್ಲ. ಸೆರ್ಬಿಯಾದಿಂದ ಬಂದು ಆರು ವರ್ಷವಾಗಿತ್ತು, ಊರಿನ ಭಾಷೆಯೆಲ್ಲ ಕಲಿತಿದ್ದಳು, ಇದೊಂದು ಮಾತನ್ನು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಪೋಲ್ಡಿ ಅವಳನ್ನು ಬಕೆಟ್ಟಿನ ಸಮೇತ ತಬ್ಬಿಕೊಂಡಳು. ಇಬ್ಬರ ಕಾಲೂ ಒದ್ದೆಯಾಯಿತು. ಮರುಕ್ಷಣ ಅವಳಿಗೆ ಇನ್ನೊಂದು ಹೊಳೆಯಿತು: ಗಾಡಿ ಶುರುವಾಗುವ ಕಡೆ! ತನ್ನ ಹಾಳು ನಾಲಿಗೆಯನ್ನು ತಾನೇ ಬೈದುಕೊಳ್ಳುತ್ತಾ ಅವಳು ಮತ್ತೆ ಸ್ಟಾಪಿಗೆ ಓಡಿದಳು. ಡಾಕ್ಟರ್ ಮೇಡಂ ಹಿಮ್ಮಡಿ ಎತ್ತರದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂದೆಯೇ ಓಡಿದರು.

ಸ್ಮಶಾನದ ಎರಡನೇ ಗೇಟಿನಲ್ಲಿ ಇಳಿದಾಗ ಮೊದಲು ಕಂಡದ್ದು ಕಬ್ಬಿಣದ ಕಂಬಿಗೆ ನೀಟಾಗಿ ಗಂಟು ಹಾಕಿ ಕಟ್ಟಿದ ಸಾಸಿವೆ ಬಣ್ಣದ ಶಾಲು. ಅದರ ಯಜಮಾನ ಎದುರಿನ ಗಾಡಿಯಂಗಡಿಯ ಮುಂದೆ ನಿಂತು, ಮುಲ್ಲಂಗಿ ತುರಿ ಹಚ್ಚಿಕೊಂಡು ಬಿಸಿ ಸಾಸೇಜು ತಿನ್ನುತ್ತಿದ್ದ.

"ಇಲ್ಲೂ ಶಾಲು ಕಟ್ಟಿ ಜಾಗ ಹಿಡಿದಿಟ್ರಾ ಮೇಷ್ಟ್ರೇ?" ಎಂದಳು ಪೋಲ್ಡಿ.

"ಕಾಲು ಗಂಟೆ ತಡ, ಡ್ರೈವರಮ್ಮ. ಪರೀಕ್ಷೆ ದಿನವೂ ತಡ. ಗಾಡಿ ಶುರುವಾಗೋ ಕಡೆ ಬನ್ನಿ ಅಂದವಳು ನೀನು. ನಿನಗೆ ಶುರುವಾಗೋದು ಇಲ್ಲಿಂದಾನೇ ಅಂತ ಇಡೀ ಸಿಮ್ಮರಿಂಗಿಗೆ ಗೊತ್ತು." ಕಾಲು ಗಂಟೆಯಲ್ಲ, ಒಂದೂವರೆ ಗಂಟೆ ತಡವಾಗಿತ್ತು. ಅವನ ಗಡಿಯಾರ ಯಾವತ್ತೂ ಅವನಿಗೆ ಬೇಕಾದಷ್ಟೇ ಓಡುತ್ತಿತ್ತು. ಪೋಲ್ಡಿ ಅವನ ಸೂಟಿನ ತೋಳನ್ನು ಹಿಡಿದವಳು ಬಿಡಲೇ ಇಲ್ಲ.

ಡಾಕ್ಟರ್ ಮೇಡಂ ಬೆಂಚಿನ ಮೇಲೆ ಕೂತು ಚಪ್ಪಲಿ ಹಾಕಿಕೊಂಡು, ಚೀಲದಿಂದ ಪರೀಕ್ಷೆಯ ಹಾಳೆ ತೆಗೆದರು. ಪೋಲ್ಡಿಗೆ ಪರೀಕ್ಷೆ ಬೇಡವೆಂದು ಬಾಯಿಬಿಟ್ಟು ಹೇಳಿದ್ದು ಆಗ ನೆನಪಾಯಿತು.

"ಬೇಡ ಅಂದದ್ದು ಈ ಕಿವಿಗೆ ಸರಿಯಾಗಿ ಕೇಳಿಸಿಲ್ಲ," ಎಂದರು ಡಾಕ್ಟರ್ ಮೇಡಂ. "ಟ್ರಾಮಿನಲ್ಲಿ ನೀವು ಹೇಳಿದ್ದೆಲ್ಲ ಬರೆದುಕೊಂಡಿದ್ದೀನಿ. ಇಪ್ಪತ್ತು ವರ್ಷದಲ್ಲಿ ಇಂಥದ್ದು ನಾನು ಕೇಳಿಲ್ಲ. ಆದರೆ ಒಂದು ಮಾಹಿತಿ ಪೂರ್ತಿ ತಪ್ಪು, ಅಂಕ ಕಳೀಲೇಬೇಕು."

"ಯಾವುದು ಮೇಡಂ?"

"ಇವರು ತೀರಿಕೊಂಡರು ಅಂದಿರಿ."

ಪ್ರೋಹಾಸ್ಕ ಸಾಸೇಜಿನ ಕೊನೆಯ ತುಂಡನ್ನು ಬಾಯಿಗಿಟ್ಟು, ಕೈ ಒರೆಸಿಕೊಂಡು, ಕಂಬಿಯ ಹತ್ತಿರ ಹೋಗಿ ಶಾಲಿನ ಗಂಟು ಬಿಚ್ಚತೊಡಗಿದ.

"ಕಳೀರಿ, ಡಾಕ್ಟರ್ ಮೇಡಂ," ಎಂದ. "ಆದರೆ ಆ ಮಾತನ್ನ ನಿಜ ಮಾಡೋಕೆ ಮಾತ್ರ ಯಾರೂ ಅವಸರ ಮಾಡಬೇಡಿ."