ಸೊನ್ನೆಯ ಗೆರೆಯ ಮೇಲಿನ ರವೆ

ನನ್ನ ತಮ್ಮ ತೀರಿಕೊಂಡ ಸುದ್ದಿ ಕಾಲೇಜು ತಲುಪಿದಾಗ, ಪ್ರಯೋಗಾಲಯದ ಸಹಾಯಕ ರವೆಯಣ್ಣ ಗಾಜಿನ ತಟ್ಟೆಗೆ ಹರಳೆಣ್ಣೆ ಸುರಿಯುತ್ತಿದ್ದನಂತೆ. ಅಂದು ತಮ್ಮನೇ ಕಲಿಸಬೇಕಿದ್ದ ಭೌತಶಾಸ್ತ್ರದ ಪಾಠವಿತ್ತು. ಮಕ್ಕಳು ಮನೆಗೆ ಹೋದ ಮೇಲೂ ತಟ್ಟೆಯನ್ನು ತೆಗೆಯಲು ಅವನಿಗೆ ಕೈ ಬರಲಿಲ್ಲ.

ಇಂದು ಬೆಳಕು ಹರಿಯುವ ಮೊದಲೇ ಅವನು ಅದೇ ತಟ್ಟೆಯ ಮುಂದೆ ನಿಂತಿದ್ದಾನೆ. ಹೊಸದಾಗಿ ಬಂದ ಮೇಡಂಗೆ ಈ ಪ್ರಯೋಗವನ್ನೆಲ್ಲ ಕಂಪ್ಯೂಟರಿನಲ್ಲೇ ತೋರಿಸುವ ಮನಸ್ಸು. ಒಮ್ಮೆ ನೋಡಿ, ತಟ್ಟೆ ಇರಬೇಕೋ ಬೀರುವಿಗೆ ಹೋಗಬೇಕೋ ಹೇಳುತ್ತೇನೆ ಎಂದಿದ್ದಾರೆ.

ಎಣ್ಣೆಯಲ್ಲಿ ಎರಡು ಲೋಹದ ಗುಂಡುಗಳು ಅಂತರ ಬಿಟ್ಟು ಕೂತಿವೆ. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಅಷ್ಟೇ ಋಣ. ಪುಸ್ತಕ ಈ ಜೋಡಿಯನ್ನು ದ್ವಿಧ್ರುವ ಎನ್ನುತ್ತದೆ. ರವೆಯಣ್ಣ 'ಅಣ್ಣ-ತಂಗಿ' ಎನ್ನುತ್ತಾನೆ. ರವೆ ಉದುರಿಸಿ ಗುಂಡಿ ಒತ್ತಿದರೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಂತೆ ಕಾಳುಗಳು ಮೆಲ್ಲನೆ ಹೊರಳಿ ಅಣ್ಣನಿಂದ ತಂಗಿಯವರೆಗೆ ಬಿಲ್ಲುಬಿಲ್ಲಾಗಿ ಸಾಲುಗಟ್ಟುತ್ತವೆ.

ಕಸ ಗುಡಿಸಲು ಬಂದವನು ಈ ಕೆಲಸಕ್ಕೆ ಹತ್ತಿದ. ಕೂದಲು ನೆರೆತರೂ ನೌಕರಿ ಹಂಗಾಮಿಯೇ. ರವೆ ಜರಡಿ ಹಿಡಿಯುವುದು ಅವನ ಮನೆಯಾಕೆ. "ನಮ್ಮ ತಟ್ಟೆಗಿಲ್ಲದಿದ್ರೂ ಇವರ ತಟ್ಟೆಗೆ ಇರ್ಲೇಬೇಕು" ಎಂದು ಆಕೆಯ ಕುಟುಕು.

ಮೊದಮೊದಲು ಅವನೊಂದು ಎಡವಟ್ಟು ಮಾಡಿದ್ದ. ಎರಡು ಗುಂಡುಗಳ ನಟ್ಟನಡುವಿನ ಗೆರೆಯಲ್ಲಿ, ವಿದ್ಯುತ್ತಿನ ಮಟ್ಟ ಅಳೆಯುವ ಮಾಪಕದ ಮುಳ್ಳು ಸೊನ್ನೆ ತೋರಿಸುತ್ತದೆ. "ಸೊನ್ನೆ ಅಂದ್ಮೇಲೆ ಅಲ್ಲೇನಿರುತ್ತೆ ಅಂತ ನಡುವಿನ ರವೇನೆಲ್ಲ ಒರೆಸಿಬಿಟ್ಟೆ. ಮೇಷ್ಟ್ರು ನಕ್ಕು ನಕ್ಕು ಸುಸ್ತಾದ್ರು." ಮತ್ತೆ ಉದುರಿಸಿದಾಗ ಆ ಗೆರೆಯ ಮೇಲಿನ ಕಾಳುಗಳೂ ಸೆಟೆದು ತಂಗಿಯ ಕಡೆಗೇ ತಿರುಗಿದವು; ಮಟ್ಟ ಸೊನ್ನೆ, ಸೆಳೆತ ಸೊನ್ನೆಯಲ್ಲ. ಇಳಿಜಾರಿನ ಅರ್ಧದಲ್ಲಿ ನಿಂತು ಅದನ್ನೇ ಸೊನ್ನೆ ಎಂದುಕೊಂಡರೆ ಇಳಿಜಾರು ಎಲ್ಲಿಗೆ ಹೋಗುತ್ತದೆ ಎಂದು ತಮ್ಮ ಕೇಳಿದ್ದನಂತೆ. ಅಂದಿನಿಂದ ಆ ಪ್ರಶ್ನೆ ಪ್ರತಿ ತರಗತಿಯ ಪಾಠವಾಯಿತು.

ಪಾಠದ ಹೊತ್ತು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೇನೆ. ಕಾಳುಗಳು ಹೊರಳುತ್ತವೆ, ಮಕ್ಕಳ ಗದ್ದಲ ತಾನಾಗಿ ಅಡಗುತ್ತದೆ. ಮೇಡಂ ತಟ್ಟೆಯ ಮೇಲೆ ಬಾಗಿ ಬಹಳ ಹೊತ್ತು ನೋಡುತ್ತಾರೆ.

"ರವೆಯಣ್ಣ, ನಾಳೆ ಇನ್ನೊಂದು ಕ್ಲಾಸಿಗೂ ಇಡಿ."

ಎಲ್ಲರೂ ಹೋದ ಮೇಲೆ ಅವನು ತಮ್ಮನ ಕುರ್ಚಿಯ ಧೂಳು ಒರೆಸುತ್ತಾ ನನಗೆ ಹೇಳುತ್ತಾನೆ. "ಮೇಷ್ಟ್ರ ಜಾಗ ಖಾಲಿ ಅಂತಾರೆ, ದೊಡ್ಡಣ್ಣ. ಮುಳ್ಳು ಸೊನ್ನೆ ತೋರಿಸುತ್ತೆ, ಅಷ್ಟೇ."

ದೇವರೇ, ಆ ಸೆಳೆತ ನಮ್ಮಲ್ಲಿರಲಿ. ನನ್ನ ತಮ್ಮನನ್ನು ಮಾತ್ರ ಯಾವ ಎಳೆತವೂ ಇಲ್ಲದ ನಿನ್ನ ನೆಮ್ಮದಿಯಲ್ಲಿ ಇಟ್ಟುಕೋ.