ಗೋಡೆಯಲ್ಲಿ ಇಲ್ಲದ ಸ್ವಿಚ್ಚು

ಸಿದ್ದರಾಮು ಕೆಟ್ಟವನಲ್ಲ. ಕೆಲಸ ಬಲ್ಲವನು, ಅದೇ ಅವನ ರೋಗ. ಮದ್ದೂರಿನ ನನ್ನ ಎಲೆಕ್ಟ್ರಿಕಲ್ ಅಂಗಡಿಯಿಂದ ಸಾಮಾನು ಒಯ್ದು ಸುತ್ತಲ ಹಳ್ಳಿಗಳಲ್ಲಿ ವೈರಿಂಗ್ ಮಾಡುವವರ ಪೈಕಿ ಅವನಷ್ಟು ನೀಟುಗಾರ ಇನ್ನೊಬ್ಬನಿಲ್ಲ. ಹೇಳಿದ ಮಾತು ಕೇಳದವನೂ ಅವನಷ್ಟು ಇನ್ನೊಬ್ಬನಿಲ್ಲ. ಮೂರು ವರ್ಷದಿಂದ ಅವನಿಗೆ ಒಂದೇ ಹುಚ್ಚು: ಅಂಗಳದ ದೀಪಕ್ಕೆ ಟೈಮರು, ಗೇಟಿನ ದೀಪಕ್ಕೆ ಸೆನ್ಸರು. ಕೈಯಲ್ಲಿ ಸ್ವಿಚ್ಚು ಒತ್ತುವವರನ್ನು ಕಂಡರೆ ನಗುತ್ತಿದ್ದ.

ವೈದ್ಯನಾಥಪುರದ ಪಟ್ಟಲಮ್ಮ ಅವನ ಸೋದರತ್ತೆ. ಗಂಡ ಶಿವಣ್ಣನಿಗೆ ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಐದಕ್ಕೆ ಅವಳೊಬ್ಬಳೇ ಹಿತ್ತಲ ಕೊಟ್ಟಿಗೆಗೆ ಹೋಗಿ ಹಾಲು ಕರೆದು ಡೈರಿಗೆ ಹಾಕಬೇಕು. ಹಿತ್ತಲು ಮುಗಿದರೆ ಕಬ್ಬಿನ ಗದ್ದೆ. ಕಬ್ಬಿನೊಳಗೆ ಚಿರತೆ ಸೇರಿದೆಯೆಂದು ಸುದ್ದಿ ಹಬ್ಬಿ, ಊರಿನ ಎರಡು ನಾಯಿಯೂ ಕಾಣೆಯಾದ ಮೇಲೆ ಶಿವಣ್ಣನಿಗೆ ನಿದ್ದೆ ಹಾರಿತು. ಸಿದ್ದರಾಮು ಬಂದು ಕೊಟ್ಟಿಗೆಯ ಮುಂದೆ ದೊಡ್ಡ ಲೈಟು ಹಾಕಿದ. ಕತ್ತಲೆ ಬೆಳಕು ಗುರುತಿಸುವ ಸೆನ್ಸರನ್ನು ಮನೆಯ ಸೂರಿನ ಮೇಲೆ ಕೂರಿಸಿದ. ಅದನ್ನು ಮಾರಿದವನು ನಾನೇ.

ಹಿತ್ತಲ ಬಾಗಿಲ ಪಕ್ಕ ಇದ್ದ ಹಳೇ ಸ್ವಿಚ್ಚನ್ನು ಅವನು ಕಿತ್ತುಹಾಕಿದ.

“ಅದೊಂದು ಇದ್ಕಂಡ್ರೆ ನಿಂಗೇನ್ಲಾ ನೋವು? ಇರ್ಲಿ ಬುಡು,” ಅಂದಳು ಪಟ್ಟಲಮ್ಮ.

“ಸುಮ್ನಿರು ಅತ್ತೆ. ಸ್ವಿಚ್ಚಿದ್ರೆ ನಿನ್ ಕೈ ಸುಮ್ನಿರಕಿಲ್ಲ. ಆರ್ಸಿ ಮರ್ತುಬುಡ್ತೀಯ. ಆಮೇಲೆ ಸೆನ್ಸರು ಇದ್ದೂ ಸತ್ತಂಗೆ.”

ಸ್ವಿಚ್ಚಿದ್ದ ಗುಂಡಿಗೆ ಸಿಮೆಂಟು ಮೆತ್ತಿ, ಉಜ್ಜಿ, ಬಣ್ಣ ಬಳಿದು ಹೋದ.

ಐದು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಪಕ್ಕದ ಗದ್ದೆಯಲ್ಲಿ ಆಲೆಮನೆ ಶುರುವಾಯಿತು. ಕತ್ತಲಲ್ಲೂ ಕಬ್ಬು ಇಳಿಸಲೆಂದು ಅವರು ಕಂಬಕ್ಕೊಂದು ಫೋಕಸ್ ಲೈಟು ಕಟ್ಟಿದರು. ಅದರ ಬೆಳಕು ನೇರ ಸೂರಿನ ಮೇಲಿನ ಸೆನ್ಸರಿಗೆ ಬಿತ್ತು. ಸೆನ್ಸರು ಹಗಲೆಂದುಕೊಂಡು ಲೈಟು ಹತ್ತಿಸಲಿಲ್ಲ. ಮನೆಯ ನೆರಳಲ್ಲಿದ್ದ ಕೊಟ್ಟಿಗೆ ಮಾತ್ರ ಕಗ್ಗತ್ತಲು. ಬಂದು ಒಂದು ಗಳಿಗೆ ನಿಂತು ನೋಡಿದ್ದರೆ ಯಾವ ಎಲೆಕ್ಟ್ರಿಷಿಯನ್ನಿಗಾದರೂ ತಿಳಿಯುತ್ತಿತ್ತು. ಸಿದ್ದರಾಮು ಬರಲಿಲ್ಲ. ಮಂಡ್ಯದಲ್ಲಿ ದೊಡ್ಡ ಕೆಲಸ ಹಿಡಿದಿದ್ದ.

ಪಟ್ಟಲಮ್ಮ ಎರಡನೇ ಸಲ ಫೋನು ಮಾಡಿದಾಗ ಅವನು ನನ್ನ ಅಂಗಡಿಯಲ್ಲೇ ಇದ್ದ. ಸ್ಪೀಕರಿಗೆ ಹಾಕಿದ.

“ಲೈಟು ಅತ್ತಕಿಲ್ಲ ಕಣ್ಲಾ. ಕೊಟ್ಗೇಲಿ ಕರು ಬೇರೆ ಬೆದರ್ತದೆ.”

“ಸೆನ್ಸರು ಸುಳ್ಳೇಳಕಿಲ್ಲ ಅತ್ತೆ, ನಿನ್ ಕಣ್ಣೇ ಮಂಜಾಗಿರ್ಬೇಕು. ಬಾನುವಾರ ಬತ್ತೀನಿ.”

ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆ.

ಶುಕ್ರವಾರ ಬೆಳಗಿನ ಜಾವ ಕರು ಅರಚಿತು. ಪಟ್ಟಲಮ್ಮ ಬಾಗಿಲು ತೆಗೆದು ಕತ್ತಲಿಗೇ ಓಡಿದಳು. ಕರುವನ್ನು ಬಿಟ್ಟ ಚಿರತೆ ಅವಳ ಬಲಗೈಗೆ ಬಾಯಿ ಹಾಕಿತು. ಆಲೆಮನೆಯವರು ಕೂಗುತ್ತ ಓಡಿ ಬಂದಿದ್ದರಿಂದ ಜೀವ ಉಳಿಯಿತು. ಕರುವೂ ಉಳಿಯಿತು. ಆದರೆ ಆ ಕೈಯ ಮೂರು ಬೆರಳು ಈಗ ಮಡಚುವುದಿಲ್ಲ. ಹಾಲು ಕರೆಯುವ ಕೈ ಅದು.

ಸಿದ್ದರಾಮು ಸೆನ್ಸರು ತಿರುಗಿಸಿದ, ಹೊಸ ಸ್ವಿಚ್ಚು ಹಾಕಿದ. ಕೆಟ್ಟ ಮೇಲೆ ಬುದ್ಧಿ ಬಂತು. ಈಗ ದಿನಾ ಐದಕ್ಕೆ ಬೈಕಿನಲ್ಲಿ ಹೋಗಿ ಅವನೇ ಹಾಲು ಕರೆಯುತ್ತಾನೆ. ಕರೆಯಲು ಬರುವುದಿಲ್ಲ, ಹಸು ಒದೆಯುತ್ತದೆ. ಪಟ್ಟಲಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ. ಒಂದು ದಿನವೂ ಅವಳು ಬೈದಿಲ್ಲ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಅವನು ಚೊಂಬು ಕೆಳಗಿಟ್ಟು ಅತ್ತುಬಿಟ್ಟ. “ಒಂದ್ಸಲ ಬೋದುಬುಡು ಅತ್ತೆ,” ಅಂದ.

“ಬೋದ್ರೆ ಬೆರಳು ಬತ್ತವೇನ್ಲಾ?” ಅಂದಳು. ಬಾಗಿಲ ಕಡೆ ನೋಡಿದಳು. “ಅವತ್ತು ಬಾಗ್ಲು ತೆಗ್ದೇಟ್ಗೆ ಕೈ ತಾನಾಗೇ ಗೋಡೆಗೋಯ್ತು ಕಣ್ಲಾ. ಇಪ್ಪತ್ತೊರ್ಸದ ಅಬ್ಯಾಸ. ತಡವ್ದೆ, ತಡವ್ದೆ. ಎಷ್ಟು ನುಣ್ಗೆ ಮೆತ್ತಿದ್ಯೋ, ಜಾಗ್ವೇ ಸಿಕ್ನಿಲ್ಲ.”